ಗೆಳೆಯನಿಗೊಂದು ಪತ್ರ: ‘ಗೃಹಿಣಿ’ ಎಂದು ಬರೆದವನು ನಾನೇ

ಪ್ರೀತಿಯ ತಹಶೀಲ್ದಾರ,

ಇದನ್ನು ನಿನ್ನ ವಾಟ್ಸಾಪಿಗೇ ಕಳಿಸಬಹುದಿತ್ತು. ಆದರೆ ನಾನು ಎಷ್ಟು ಉದ್ದ ಬರೆದರೂ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀಯೆ. ಇಲ್ಲಿ ಬರೆದರೆ ನಾಲ್ಕು ಜನ ನೋಡುತ್ತಾರೆ, ಮರ್ಯಾದೆಗೆ ಅಂಜಿ ಎರಡು ಸಾಲಾದರೂ ಉತ್ತರ ಕೊಡುತ್ತೀಯೆ ಎಂಬ ಆಸೆ. ಉಳಿದವರೂ ಓದಬಹುದು, ಅಭ್ಯಂತರವಿಲ್ಲ.

ಮನೆ ಏನಾಯಿತು ಎಂದು ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ‘ನಡೆಯುತ್ತಿದೆ’ ಎಂದೆ. ನಡೆಯುತ್ತಿರಲಿಲ್ಲ. ಸಾಲ ಕೊಡುವುದಿಲ್ಲ ಎಂದು ಬ್ಯಾಂಕಿನವರು ಹೇಳಿ ಇವತ್ತಿಗೆ ಇಪ್ಪತ್ತೆರಡು ದಿನ. ‘ಮನೆ ಕಟ್ಟಿ ನೋಡು’ ಎಂಬ ಗಾದೆಯನ್ನು ನೀನು ಹೇಳಬೇಕಾಗಿಲ್ಲ, ಈಗಾಗಲೇ ಹದಿನಾಲ್ಕು ಜನ ಹೇಳಿದ್ದಾರೆ. ಅದರಲ್ಲಿ ಒಬ್ಬರು ಕೊರಿಯರ್ ತರುವ ಹುಡುಗ.

ಮನೆ ಚೆನ್ನಾಗಿತ್ತು ಮಾರಾಯ. ಕೆಂಗೇರಿ ಮೆಟ್ರೊ ನಿಲ್ದಾಣದಿಂದ ನಡೆದರೆ ಹನ್ನೆರಡು ನಿಮಿಷ, ಹಳೆಯ ಅಪಾರ್ಟ್‌ಮೆಂಟಿನ ಎರಡನೇ ಮಹಡಿ, ಎರಡು ಕೋಣೆ, ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯಲು ಪುಟ್ಟ ಜಾಗ. 58 ಲಕ್ಷ. ಇ-ಖಾತೆ ಇತ್ತು, ಮೂಲಪತ್ರ ಇತ್ತು, 30 ವರ್ಷದ ಋಣಭಾರ ಪ್ರಮಾಣಪತ್ರದಲ್ಲಿ ಒಂದು ಕಪ್ಪುಚುಕ್ಕೆ ಇರಲಿಲ್ಲ. ಬ್ಯಾಂಕಿನ ವಕೀಲರು ಎಲ್ಲವನ್ನೂ ತಿರುವಿ ಹಾಕಿ ‘ಸರಿ ಇದೆ’ ಎಂದು ಬರೆದುಕೊಟ್ಟರು. ಬೆಂಗಳೂರಿನಲ್ಲಿ ಎಲ್ಲರಿಗೂ ಮನೆಯ ಕಾಗದ ಕೈಕೊಡುತ್ತದೆ. ನಮಗೆ ಮನೆಯ ಕಾಗದ ಸರಿಯಿತ್ತು, ಮನುಷ್ಯರ ಕಾಗದ ಸರಿಯಿರಲಿಲ್ಲ.

ಲೆಕ್ಕ ಹೇಳುತ್ತೇನೆ, ಆಕಳಿಸಬೇಡ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವಾದರೆ ಬ್ಯಾಂಕು ಮನೆಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಅದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಅಂದರೆ 46.4 ಲಕ್ಷ. ಉಳಿದ 11.6 ಲಕ್ಷ ನಮ್ಮ ಕೈಯದು. ಅದರ ಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ. 1ರಿಂದ ಶೇ. 2ಕ್ಕೆ ಏರಿದೆಯಲ್ಲ, ಸೆಸ್ಸು ಗಿಸ್ಸು ಸೇರಿ ಹತ್ತಿರ ಹತ್ತಿರ 4.4 ಲಕ್ಷ. ಒಟ್ಟು 16. ಅದನ್ನು ಹೇಗೋ ಹೊಂದಿಸಿದ್ದೆವು. ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ, ಪತ್ರದ ಮುಳ್ಳು ಇರುವುದೇ ಅಲ್ಲಿ.

ನನ್ನ ಕೈಗೆ ಬರುವುದು ತಿಂಗಳಿಗೆ 72 ಸಾವಿರ. ಸ್ಕೂಟರಿನದೂ ಫ್ರಿಜ್ಜಿನದೂ ಸೇರಿ 6,400 ಕಂತು ಈಗಲೇ ಹೋಗುತ್ತಿದೆ. 46.4 ಲಕ್ಷಕ್ಕೆ ಶೇ. 8.5ರಂತೆ 20 ವರ್ಷಕ್ಕೆ ಕಂತು 40 ಸಾವಿರ ದಾಟುತ್ತದೆ. ಎಲ್ಲ ಕಂತುಗಳೂ ಸೇರಿ ಸಂಬಳದ ಅರ್ಧ ಮೀರಬಾರದು ಎಂಬುದು ಆ ಬ್ಯಾಂಕಿನ ಲೆಕ್ಕ. ಹಾಗೆ ನೋಡಿದರೆ ನನ್ನ ಯೋಗ್ಯತೆ 34 ಲಕ್ಷ. ಈ ವಯಸ್ಸಿಗೆ ಒಬ್ಬ ಮನುಷ್ಯನಿಗೆ ತನ್ನ ಯೋಗ್ಯತೆ ಇಷ್ಟು ನಿಖರವಾಗಿ ತಿಳಿಯುವುದೂ ಒಂದು ಭಾಗ್ಯವೇ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮವೂ ಇದೆ, ಹಾಗಾಗಿ ಪಟ್ಟು ಹಿಡಿದು ಪಡೆದೆ. ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಕನ್ನಡಕ್ಕೆ ತಂದರೆ ‘ಮರುಪಾವತಿ ಸಾಮರ್ಥ್ಯ ಸಾಲದು’. ಸಾಲ, ಸಾಲದು ಎಂದು ಅಲ್ಲೇ ಒಂದು ಹನಿಗವನ ಕಟ್ಟಿ ಮ್ಯಾನೇಜರರಿಗೆ ಓದಿಯೇ ಬರುವ ಜಾತಿ ನೀನು. ನನಗೆ ಗಂಟಲು ಒಣಗಿತ್ತು. ‘ಸರ್, ನನ್ನ ಮನೆಯವರಿಗೂ ಆದಾಯ ಇದೆ, ತಿಂಗಳಿಗೆ 24 ಸಾವಿರಕ್ಕೆ ಮೋಸವಿಲ್ಲ’ ಎಂದೆ. ಮನಸ್ಸಿನಲ್ಲೇ ಕೂಡಿಸಿದ್ದೆ: 96 ಸಾವಿರ, ಅದರಲ್ಲಿ ಅರ್ಧ 48, ಎಲ್ಲ ಕಂತೂ ಅದರೊಳಗೆ ಕೂರುತ್ತದೆ. ಆ ಮನುಷ್ಯ ಸಿಡುಕಲಿಲ್ಲ, ನಗಲೂ ಇಲ್ಲ. ಅರ್ಜಿಯ ಮೂರನೇ ಹಾಳೆ ತೆಗೆದು ನನ್ನ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿದರು.

‘ಗೃಹಿಣಿ ಎಂದು ನೀವೇ ಬರೆದಿದ್ದೀರಲ್ಲ ಸರ್.’

ಬರೆದಿದ್ದೆ. ನನ್ನದೇ ಅಕ್ಷರ, ಆ ‘ಣಿ’ಯ ಗುಡಿಸು ಕೂಡ ನನ್ನದೇ. ಕೆಳಗೆ ನಿನ್ನ ಅತ್ತಿಗೆಯ ಸಹಿ.

ನಿನಗೆ ಅವಳ ಕೆಲಸ ಗೊತ್ತು. ಸೀರೆಯ ಸೆರಗಿಗೆ ಕುಚ್ಚು ಹಾಕುತ್ತಾಳೆ. ನೀನು ಬಂದಾಗಲೆಲ್ಲ ದಿವಾನದ ಮೇಲೆ ಕೂರಲು ಜಾಗವಿಲ್ಲವೆಂದು ಗೊಣಗಿದ್ದೀಯಲ್ಲ, ಅದೇ. ಸೆರಗಿನ ಅಂಚನ್ನು ದಿಂಬಿಗೆ ಗುಂಡುಸೂಜಿಯಿಂದ ಸಿಕ್ಕಿಸಿ, ಕ್ರೋಶಾ ಕಡ್ಡಿಯಲ್ಲಿ ರೇಷ್ಮೆ ದಾರ ಎಳೆದು, ಮಣಿ ಪೋಣಿಸಿ, ಗಂಟು ಬಿಗಿದು, ಕೊನೆಗೆ ಎಲ್ಲ ಎಳೆಗಳನ್ನೂ ಅಂಗೈಯ ಮೇಲೆ ಹರಡಿ ಒಂದೇ ಅಳತೆಗೆ ಕತ್ತರಿಸುತ್ತಾಳೆ. ಬೇಬಿ ಕುಚ್ಚಾದರೆ ಒಂದು ಮಧ್ಯಾಹ್ನ, ಮಣಿಯ ಕೆಲಸವಾದರೆ ಎರಡು ದಿನ. ಫಾಲ್, ಜಿಗ್‌ಜಾಗ್ ಬೇರೆ. ಶ್ರಾವಣ ಬಂತೆಂದರೆ ನಮ್ಮ ಮನೆಯಲ್ಲಿ ಊಟ ಹತ್ತು ಗಂಟೆಗೆ.

ಅರ್ಜಿ ತುಂಬುವ ದಿನ ಅವಳೂ ನನ್ನ ಪಕ್ಕದಲ್ಲೇ ಕೂತಿದ್ದಳು. ಮೇಜಿನ ಆಚೆಯವರು ಅವಳನ್ನೇ ನೋಡಿ ‘ಮೇಡಂ ಏನು ಮಾಡುತ್ತಾರೆ’ ಎಂದು ಕೇಳಿದರು. ನಾನು ‘ಮನೆಯಲ್ಲೇ ಇರುತ್ತಾರೆ’ ಎಂದೆ. ಸುಳ್ಳಲ್ಲ, ಮನೆಯಲ್ಲೇ ಇರುತ್ತಾಳೆ. ಅವಳು ತನ್ನ ಸೆರಗಿನ ಕುಚ್ಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನಿದ್ದಳು. ಅಂದಹಾಗೆ ಅವಳನ್ನು ಸಹ ಅರ್ಜಿದಾರಳಾಗಿ ಸೇರಿಸಿದ್ದು ಯಾಕೆ ಗೊತ್ತೇ? ಹೆಣ್ಣಿನ ಹೆಸರಿದ್ದರೆ ಬಡ್ಡಿಯಲ್ಲಿ ಶೇ. 0.05 ರಿಯಾಯಿತಿ. ನಮ್ಮ ಸಾಲಕ್ಕೆ ತಿಂಗಳಿಗೆ ಸುಮಾರು 150 ರೂಪಾಯಿ. ಆ 150 ರೂಪಾಯಿಗೆ ಅವಳ ಹೆಸರು ಬೇಕಿತ್ತು, 24 ಸಾವಿರಕ್ಕೆ ಬೇಕಿರಲಿಲ್ಲ.

ಆದಾಯ ಇದ್ದರೆ ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ತನ್ನಿ ಎಂದರು ಮ್ಯಾನೇಜರರು. ಇಲ್ಲ. ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕ ನೋಡಿದರು. ನನ್ನದು 771. ಅವಳದು ‘-1’. ಇಲ್ಲಿಯವರೆಗೆ ಎಲ್ಲೂ ಸಾಲ ಮಾಡದವರಿಗೆ, ಕಾರ್ಡೂ ಇಲ್ಲದವರಿಗೆ ಹಾಗೆ ತೋರಿಸುತ್ತದಂತೆ. ಅದೊಂದೇ ಕಾರಣಕ್ಕೆ ತಿರಸ್ಕರಿಸುವುದಿಲ್ಲ ಎಂದೂ ಸೇರಿಸಿದರು, ಪಾಪ. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯಾಚೆ ನೋಡುತ್ತಾ ಕೇಳಿದಳು: ‘ಮೈನಸ್ ಒಂದಾ? ಸೊನ್ನೆಯಾದರೂ ಆಗಬಾರದಿತ್ತೇನ್ರೀ?’

ನಾನು ನಕ್ಕೆ. ಅವಳೂ ನಕ್ಕಳು. ನನ್ನ ನಗು ಬೇಗ ನಿಂತಿತು.

ಯಾಕೆಂದರೆ, ತಹಶೀಲ್ದಾರ, ನನ್ನ ಹೊಟ್ಟೆಪಾಡು ಏನು ಹೇಳು? ಲೆಕ್ಕ ಬರೆಯುವುದು. ಪ್ರತಿ ಜುಲೈನಲ್ಲಿ ಕಚೇರಿಯವರದು, ಪಕ್ಕದ ಮನೆಯವರದು, ಭಾವಮೈದನದು, ನಿನ್ನದೂ ಸೇರಿ ಹದಿನೈದು ಇಪ್ಪತ್ತು ಜನರ ರಿಟರ್ನನ್ನು ಪುಕ್ಕಟೆ ತುಂಬುವವನು ನಾನು. ಮೂರು ವರ್ಷದ ಹಿಂದೆ ಹೀಗೇ ಕೂತಿದ್ದಾಗ ಅವಳು ಕಾಫಿ ಇಟ್ಟು ‘ನನ್ನದೂ ಒಂದು ತುಂಬಿಬಿಡಿ’ ಎಂದಿದ್ದಳು. ‘ಕುಚ್ಚಿನ ದುಡ್ಡಿಗೆ ರಿಟರ್ನಾ?’ ಎಂದು ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ. ತೆರಿಗೆಯ ಮಿತಿಯೊಳಗಿನ ಆದಾಯ, ಒಂದು ರೂಪಾಯಿ ಕಟ್ಟಬೇಕಾಗಿರಲಿಲ್ಲ. ಸಣ್ಣ ವ್ಯಾಪಾರದವರಿಗಿರುವ 44ಎಡಿ ಕಲಮಿನಡಿ ಐಟಿಆರ್-4 ಎಂಬ ನಮೂನೆ, ಕೈತಿರುಗಿದವನಿಗೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯ ಬೆಲೆ ಈಗ 12 ಲಕ್ಷ. ಹಳೆಯ ವರ್ಷಗಳ ಗಡುವು ಮುಗಿದಿದೆ. ರಿಟರ್ನ್ ಇಲ್ಲದಿದ್ದರೂ ಅಂದಾಜಿನ ಮೇಲೆ ಸಾಲ ಕೊಡುವ ಸಂಸ್ಥೆಯೊಂದಕ್ಕೂ ಹೋದೆವು, ಅವರ ಬಡ್ಡಿ ಕೇಳಿ ಅವರು ಕೊಟ್ಟ ನೀರನ್ನಷ್ಟೇ ಕುಡಿದು ಬಂದೆವು.

ಸೋಮಾರಿತನ ಎಂದು ಹೇಳಿ ಇಲ್ಲಿಗೇ ಮುಗಿಸಬಹುದು. ಹಾಗೆಂದೇ ಅವಳಿಗೂ ಹೇಳಿದೆ. ನಿಜ ಅದಲ್ಲ. ರಿಟರ್ನ್ ತುಂಬಿದರೆ ಅವಳ ದುಡ್ಡು ಒಂದು ಅಂಕಿಯಾಗುತ್ತಿತ್ತು. ಅಂಕಿಯಾದದ್ದನ್ನು ನಾನು ಎಣಿಸಲೇಬೇಕು. ಅಂಕಿಯಾಗದೆ ಉಳಿದರೆ ಅದು ‘ಅವಳ ಕೈಖರ್ಚು’. ಆ ಕೈಖರ್ಚಿನಲ್ಲಿ ಮಗಳ ಶಾಲೆಯ ಎರಡನೇ ಕಂತು ಹೋಗಿದೆ, ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಊರಿಗೆ ಹೋದಾಗ ಅಪ್ಪ ‘ಆ ಊರಿನಲ್ಲಿ ಸಂಸಾರ ಕಷ್ಟ ಅಲ್ಲವೇನೋ’ ಎಂದರೆ ‘ಹೇಗೋ ನಡೆಸುತ್ತಿದ್ದೇನೆ’ ಎನ್ನುತ್ತಿದ್ದೆ. ಅವಳು ಅಡುಗೆಮನೆಯಲ್ಲಿ ಕೇಳಿಸಿಕೊಂಡಿರುತ್ತಾಳೆ. ‘ನಡೆಸುತ್ತಿದ್ದೇವೆ’ ಎಂದಿದ್ದರೆ ಒಂದಕ್ಷರವೂ ಹೆಚ್ಚಾಗುತ್ತಿರಲಿಲ್ಲ.

ಇನ್ನೊಂದಿದೆ. 2020ರಲ್ಲಿ ಸಂಬಳ ಅರ್ಧಕ್ಕಿಳಿದಾಗ ನೀನು ‘ಹಣ ಬೇಕೇನೋ’ ಎಂದು ಕೇಳಿದೆ. ನಾನು ‘ಪಿಎಫ್ ತೆಗೆದೆ, ಚಿಂತೆಯಿಲ್ಲ’ ಎಂದೆ. ಪಿಎಫ್ ಮುಟ್ಟಿರಲೇ ಇಲ್ಲ ಮಾರಾಯ. ಮೂರು ತಿಂಗಳ ಬಾಡಿಗೆ ಕಟ್ಟಿದ್ದು ಅವಳ ಚೀಟಿಯ ಹಣ. ಈ ಸಲದ 16 ಲಕ್ಷದಲ್ಲೂ 7 ಲಕ್ಷ ಅವಳದು, ಚೀಟಿ ಮತ್ತು ಅಂಚೆ ಕಚೇರಿಯ ಆರ್‌ಡಿ ಸೇರಿ. ಇಷ್ಟನ್ನು ಬರೆಯಬೇಕೆಂದು ಕೂತಿರಲಿಲ್ಲ. ಬ್ಯಾಂಕಿಗೆ ನಾಲ್ಕು ಬೈದು, ನಿನ್ನನ್ನು ನಗಿಸಿ, ಮುಗಿಸಬೇಕೆಂದಿದ್ದೆ.

ಮನೆ ನೋಡಲು ಹೋದ ದಿನ ಹಾಲಿನ ಪೂರ್ವದ ಕಿಟಕಿಯ ಬಳಿ ನಾನು ಟೇಪು ಹಿಡಿದು ನನ್ನ ಕಂಪ್ಯೂಟರ್ ಮೇಜಿಗೆ ಅಳತೆ ತೆಗೆದೆ. ಅವಳು ಬ್ಯಾಗಿನಿಂದ ಎರಡು ದಾರದ ಉಂಡೆ ತೆಗೆದು, ಗಿಳಿಹಸಿರು ಒಂದು, ಪಾಚಿಹಸಿರು ಒಂದು, ಅದೇ ಬೆಳಕಿಗೆ ಹಿಡಿದು ನೋಡಿ ಮತ್ತೆ ಒಳಗಿಟ್ಟುಕೊಂಡಳು. ಈಗಿನ ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಆ ಎರಡೂ ಒಂದೇ ಥರ ಕಾಣುತ್ತವೆ. ನಾನು ಟೇಪು ಸುತ್ತುವುದರಲ್ಲಿದ್ದೆ.

ಸಾಕು. ಈಗ ನಗುವ ಭಾಗ.

ಮುಂದಿನ ಸಲಕ್ಕಾದರೂ ಇರಲಿ ಎಂದು ಅವಳ ಲೆಕ್ಕದ ಪುಸ್ತಕಗಳನ್ನು ಕೇಳಿದೆ. ಐದು ನೋಟ್‌ಬುಕ್ ತಂದು ಮುಂದಿಟ್ಟಳು, ಏಳು ವರ್ಷದ್ದು, ಕಾಕಿ ಬೈಂಡು ಹಾಕಿ. ‘ಗಿಳಿಹಸಿರು ಮೈಸೂರು ಸಿಲ್ಕ್, ಮಣಿ ಕುಚ್ಚು, 850, ಮುಂಗಡ 200, ಬಾಕಿ ಸೀಮಂತ ಆದ ಮೇಲೆ.’ ಒಂದು ಕೂಡಿಸುವ ತಪ್ಪೂ ಇಲ್ಲ. ವೃತ್ತಿಯ ಅಸೂಯೆಯಿಂದ ಹೇಳುತ್ತಿದ್ದೇನೆ, ನಮ್ಮ ಕಚೇರಿಯ ಲೆಡ್ಜರು ಇಷ್ಟು ಚೊಕ್ಕವಾಗಿಲ್ಲ. ಎರಡನೇ ಪುಸ್ತಕದ ಕೊನೆಯಿಂದ ಒಂದು ಬೇರೆ ಕಲಮು ಶುರುವಾಗುತ್ತದೆ. ಶೀರ್ಷಿಕೆ ‘ಇವರಿಗೆ’. ‘ಇವರಿಗೆ, ಬಾಡಿಗೆ, ಜೂನ್, 14,000. ಇವರಿಗೆ, ಬಾಡಿಗೆ, ಜುಲೈ, 14,000. ಇವರಿಗೆ, ಸ್ಕೂಟರ್ ಟೈರು, 2,300.’ ಪ್ರತಿ ಪುಟದ ಕೊನೆಯಲ್ಲೂ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ದಿದ್ದಾಳೆ. ಇವತ್ತಿನ ಮೊತ್ತ 1,38,500. ಬಡ್ಡಿ ಹಾಕಿಲ್ಲ. ಮನ್ನಾ ಕೂಡ ಮಾಡಿಲ್ಲ.

771 ಅಂಕದ ಪ್ರಾಮಾಣಿಕ ಸಾಲಗಾರನ ಬಂಡವಾಳ ಇದು. ಸಿಬಿಲ್‌ನವರಿಗೆ ಈ ಪುಸ್ತಕ ಸಿಗದಿದ್ದದ್ದು ನನ್ನ ಪುಣ್ಯ.

ರಿಟರ್ನ್ ತುಂಬಲು ನಿನ್ನೆ ರಾತ್ರಿ ಕೂತೆವು. ವ್ಯಾಪಾರದ ಹೆಸರು ಎಂಬ ಕಡೆ ಬಂದಾಗ ನಾನು ಟೈಪ್ ಮಾಡಲು ಹೊರಟೆ. ಅವಳು ಕಡ್ಡಿ ಕೆಳಗಿಟ್ಟು, ‘ಸ್ವಲ್ಪ ಆ ಕಡೆ ಸರಿಯಿರಿ’ ಎಂದಳು. ಏನು ಬರೆದಳು ಎಂದು ಹೇಳುವುದಿಲ್ಲ.

ಮಾರುವವರು ಟೋಕನ್ ಹಣ ಒಂದು ಲಕ್ಷವನ್ನು ಪೂರ್ತಿ ಹಿಂದಿರುಗಿಸಿದರು, ಉಪ್ಪಿಟ್ಟೂ ಕೊಟ್ಟರು. ಹಾಗಾಗಿ ನಾವು ಚೆನ್ನಾಗಿಯೇ ಇದ್ದೇವೆ. ಗಮನಿಸು, ಇದ್ದೇವೆ.

ಇಂತಿ ನಿನ್ನ,
ಸುಸ್ತಿದಾರ

ತಾ.ಕ.: ನಾಲ್ಕನೇ ಪುಸ್ತಕ, ಪುಟ 61. ನಿನ್ನ ಮನೆಯವರ ನೇರಳೆ ಸೀರೆಯ ಕುಚ್ಚಿನ 650 ರೂಪಾಯಿ ಇನ್ನೂ ಬಂದಿಲ್ಲ. ಎರಡು ವರ್ಷವಾಯಿತು. ನಾಲ್ಕು ಜನರ ಮುಂದೆ ಹೇಳಬಾರದಿತ್ತು, ಆದರೆ ಅತ್ತಿಗೆ ಹೇಳಿಸಿದರು.