ಫುಡ್ ಪ್ರೊಸೆಸರ್ ಯಾರಿಗೂ ಕೊಡಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ.

ಗೃಹಪ್ರವೇಶಕ್ಕೆ ಬಂದ ಫುಡ್ ಪ್ರೊಸೆಸರ್ ಇನ್ನೂ ಅಟ್ಟದ ಮೇಲೇ ಇದೆಯಂತೆ. ಮಿಕ್ಸಿ ಇರುವಾಗ ಇದ್ಯಾಕೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದೆಯಂತೆ. ನಿಮ್ಮಮ್ಮ ಹೇಳಿದಳು. ದಯವಿಟ್ಟು ಕೊಡಬೇಡ. ಬೆಳಿಗ್ಗೆ ಎಂಟಕ್ಕೆಲ್ಲ ಇಬ್ಬರೂ ಕೆಲಸಕ್ಕೆ ಹೊರಡುವ ಮನೆ ನಿಮ್ಮದು. ಇದರ ಅಗತ್ಯ ನನಗಿಂತ ನಿನಗೇ ಜಾಸ್ತಿ.

ಮಿಕ್ಸಿಯ ಕೆಲಸ ಬೇರೆ, ಇದರ ಕೆಲಸ ಬೇರೆ. ಮಿಕ್ಸಿ ಜಾರು ಕಿರಿದು. ಬ್ಲೇಡು ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಅರೆಯುವುದಕ್ಕೆ ಅದೇ ಸರಿ, ಆದರೆ ಸ್ವಲ್ಪವಾದರೂ ನೀರು ಹಾಕದಿದ್ದರೆ ಕೆಳಗಿನದು ನುಣ್ಣಗಾಗಿ ಮೇಲಿನದು ಹಾಗೇ ಉಳಿಯುತ್ತದೆ. ಪ್ರೊಸೆಸರಿನ ಬಟ್ಟಲು ಅಗಲ, ಬ್ಲೇಡು ಎಷ್ಟೋ ನಿಧಾನ. ನೀರಿಲ್ಲದೆ ಹೆಚ್ಚುತ್ತದೆ, ತುರಿಯುತ್ತದೆ, ಕಲಸುತ್ತದೆ. ನುಣ್ಣಗೆ ಅರೆಯುವುದು ಮಾತ್ರ ಇದರಿಂದ ಆಗದು. ಇಡ್ಲಿ, ದೋಸೆ, ಉದ್ದಿನ ವಡೆ ಹಿಟ್ಟಿಗೆ ಗ್ರೈಂಡರ್ರೇ ಬೇಕು. ಚಟ್ನಿಗೆ, ಹುಳಿ ಮಸಾಲೆಗೆ ಮಿಕ್ಸಿ. ಅರಿಸಿನ ಕೊಂಬು, ಕಾಫಿ ಬೀಜ, ಗಟ್ಟಿ ಬೆಲ್ಲ ಪ್ರೊಸೆಸರಿಗೆ ಹಾಕಲೇಬೇಡ.

ನನ್ನನ್ನು ಕೇಳಿದರೆ, ನುಚ್ಚಿನುಂಡೆಗಾದರೂ ಈ ಯಂತ್ರ ಮನೆಯಲ್ಲಿರಬೇಕು. ಎರಡು ಲೋಟ ತೊಗರಿಬೇಳೆಯನ್ನು ಎರಡು ಮೂರು ಗಂಟೆ ನೆನೆಸು. ನೀರು ಪೂರ್ತಿ ಬಸಿದುಹೋಗಲಿ, ಇದರಲ್ಲಿ ಅವಸರ ಬೇಡ. ಹಸಿಮೆಣಸು, ಶುಂಠಿ ಸೇರಿಸಿ ಬಟ್ಟಲಿಗೆ ಹಾಕು. ಒಂದೇ ಸಮನೆ ಓಡಿಸಬೇಡ. ಪಲ್ಸ್ ಅಂತ ಬರೆದ ಕಡೆಗೆ ತಿರುಗಿಸಿ ಬಿಡು, ತಿರುಗಿಸಿ ಬಿಡು. ನಡುವೆ ಒಮ್ಮೆ ಮುಚ್ಚಳ ತೆಗೆದು ಅಂಚಿಗೆ ಅಂಟಿದ್ದನ್ನು ಕೆಳಗೆ ತಳ್ಳು. ಹನಿ ನೀರಿಲ್ಲದೆ ತರಿತರಿಯಾಗಿ ಬರುತ್ತದೆ. ಆಮೇಲೆ ಸಬ್ಬಸಿಗೆ ಸೊಪ್ಪು, ಕಾಯಿತುರಿ, ಉಪ್ಪು ಕಲಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸು. ನೀರು ಸೇರದ ಕಾರಣ ಉಂಡೆ ಒಡೆಯುವುದಿಲ್ಲ. ಆಂಬೊಡೆಗೂ ಇದೇ ಕ್ರಮ. ಕಡಲೆಬೇಳೆಯಲ್ಲಿ ಒಂದು ಹಿಡಿ ಹಾಗೇ ತೆಗೆದಿಟ್ಟು ಕೊನೆಗೆ ಸೇರಿಸು. ಹಿಟ್ಟು ಎಣ್ಣೆ ಕುಡಿಯುವುದು ನೀರು ಜಾಸ್ತಿಯಾದಾಗ. ಇಲ್ಲಿ ಆ ಭಯವಿಲ್ಲ.

ಈರುಳ್ಳಿಗೂ ಪಲ್ಸೇ. ನಾಲ್ಕು ಭಾಗ ಮಾಡಿ ಹಾಕು, ಐದಾರು ಸಲ ತಿರುಗಿಸಿದರೆ ಸಾಕು. ಒಂದೇ ಸಮನೆ ಓಡಿಸಿದರೆ ನೀರುಬಿಟ್ಟು ಮುದ್ದೆಯಾಗುತ್ತದೆ, ಕಹಿಯೂ ಬರುತ್ತದೆ. ಆದರೆ ಒಂದೇ ಈರುಳ್ಳಿ, ಎರಡು ಮೆಣಸಿನಕಾಯಿ ಇದ್ದಾಗ ಚಾಕು ತೆಗೆದುಕೋ. ಈ ಯಂತ್ರ ಮೊದಲು ತಯಾರಾದದ್ದು ಫ್ರಾನ್ಸಿನ ಹೋಟೆಲ್ ಅಡುಗೆಮನೆಗಳಿಗೆ. ಮನೆಗಳಿಗೆ ಬಂದದ್ದು 1970ರ ದಶಕದಲ್ಲಿ. ರಾಶಿ ಕೆಲಸವನ್ನು ಒಟ್ಟಿಗೆ ಮುಗಿಸುವುದೇ ಇದರ ಗುಣ. ಚೂರುಪಾರು ಕೆಲಸಕ್ಕೆ ಬಳಸಿದರೆ ತೊಳೆಯುವುದೇ ಹೆಚ್ಚಾಗುತ್ತದೆ. ಎಷ್ಟೋ ಜನ ಬೇಸತ್ತು ಅಟ್ಟಕ್ಕೆ ಹಾಕುವುದು ಅದಕ್ಕೇ.

ಆದ್ದರಿಂದ ವಾರಕ್ಕೆ ಒಂದು ದಿನ ಇಟ್ಟುಕೋ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಇಬ್ಬರೂ ಸೇರಿ ಮಾಡಿ. ಮೊದಲು ತೆಂಗಿನಕಾಯಿ. ಆಮೇಲೆ ಕ್ಯಾರೆಟ್, ಕೋಸು. ಈರುಳ್ಳಿ ಅದಾದ ಮೇಲೆ, ಬೆಳ್ಳುಳ್ಳಿ ಎಲ್ಲಕ್ಕಿಂತ ಕೊನೆಗೆ. ಹೀಗೆ ಹೋದರೆ ನಡುನಡುವೆ ತೊಳೆಯಬೇಕಾಗಿಲ್ಲ, ಒರೆಸಿಕೊಂಡರೆ ಸಾಕು. ಕಾಯಿತುರಿಗೆ ಬೇರೆ ಸಾಧನ ಕೊಟ್ಟಿದ್ದರೆ ಅದನ್ನೇ ಬಳಸು. ಇಲ್ಲದಿದ್ದರೆ ಕಾಯಿಯನ್ನು ಚೂರು ಮಾಡಿ, ಕಂದು ಸಿಪ್ಪೆ ತೆಗೆದು ಬ್ಲೇಡಿಗೆ ಹಾಕು, ಪಲ್ಯಕ್ಕೆ ಕೋಸಂಬರಿಗೆ ಚೆನ್ನಾಗಿರುತ್ತದೆ. ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಡು. ತುರಿದ ಕ್ಯಾರೆಟ್, ಹೆಚ್ಚಿದ ಕೋಸು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತವೆ, ಒದ್ದೆ ಇರಬಾರದು ಅಷ್ಟೆ.

ತುರಿಯುವ ಡಿಸ್ಕಿಗೆ, ಅಂದರೆ ಹಲ್ಲಿರುವ ದುಂಡು ತಟ್ಟೆಗೆ, ಮುಚ್ಚಳದ ಮೇಲಿನ ಕೊಳವೆಯಿಂದ ಕ್ಯಾರೆಟ್ಟನ್ನು ನಿಲ್ಲಿಸಿ ಹಾಕಿದರೆ ತುರಿ ಗಿಡ್ಡ, ಮಲಗಿಸಿ ಹಾಕಿದರೆ ಉದ್ದ. ಹಲ್ವಕ್ಕೆ ಎರಡನೆಯದು ಒಳ್ಳೆಯದು. ಮಾವಿನಕಾಯಿ ಚಿತ್ರಾನ್ನ, ಸೌತೆಕಾಯಿ ಹಾಕಿದ ಅಕ್ಕಿರೊಟ್ಟಿ, ಇವೆಲ್ಲ ಈಗ ವಾರದ ದಿನಗಳಲ್ಲೂ ಮಾಡಬಹುದು ನೋಡು. ತುರಿಯುವ ಕೆಲಸಕ್ಕೆ ಹೆದರಿಯೇ ಅಲ್ವಾ ನೀನು ಬಿಟ್ಟಿದ್ದು? ಹೆಚ್ಚುವ ಡಿಸ್ಕಿಗೆ ಬಾಳೆಕಾಯಿ, ಆಲೂಗಡ್ಡೆ ಹಾಕುವಾಗ ಕೊಳವೆ ತುಂಬಿರಲಿ. ಜಾಗ ಖಾಲಿ ಬಿಟ್ಟರೆ ವಾಲಿಕೊಂಡು ಓರೆಯಾಗಿ ಕತ್ತರಿಸುತ್ತದೆ. ತಳ್ಳುವುದಕ್ಕೆ ಅದರ ಜೊತೆ ಬಂದ ಒತ್ತುಗೋಲೇ ಆಗಬೇಕು. ಎಷ್ಟೇ ಅವಸರವಿರಲಿ, ಬೆರಳು ಬೇಡ ಪುಟ್ಟಿ.

ಚಪಾತಿ ಹಿಟ್ಟಿನ ವಿಷಯ ಮನಸ್ಸಿಟ್ಟು ಕೇಳು. ನಿಮ್ಮಮ್ಮನಿಗೆ ಮಣಿಕಟ್ಟು ನೋವು. ನಿನ್ನ ಮನೆಗೆ ಬಂದಾಗಲೂ ಸುಮ್ನೆ ಕೂರುವುದಿಲ್ಲ, ಹಿಟ್ಟು ಕಲಸಲು ಹೋಗುತ್ತಾಳೆ. ಇನ್ನು ಅದನ್ನು ಯಂತ್ರ ಮಾಡಲಿ. ಕಲಸುವುದಕ್ಕೆ ಮೊಂಡಾದ ಬ್ಲೇಡು ಬೇರೆ ಇರುತ್ತದೆ. 300 ಗ್ರಾಂ ಗೋಧಿಹಿಟ್ಟು, ಉಪ್ಪು, ಒಂದು ಚಮಚ ಎಣ್ಣೆ ಮೊದಲು ಹಾಕು. ಓಡುತ್ತಿರುವಾಗ ಮೇಲಿನ ಕೊಳವೆಯಿಂದ ಸುಮಾರು 180 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವೇ ಬಿಡು. ಹಿಟ್ಟು ಮುದ್ದೆಗಟ್ಟಿ ಬಟ್ಟಲಿನ ಅಂಚು ಬಿಟ್ಟುಕೊಂಡ ಕೂಡಲೇ ನಿಲ್ಲಿಸು. ಇನ್ನೂ ಓಡಿಸಿದರೆ ಮೋಟರು ಬಿಸಿಯಾಗುತ್ತದೆ. ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಹನ್ನೆರಡು ಮೆತ್ತಗಿನ ಚಪಾತಿಯಾಗುತ್ತದೆ. ಹೋಳಿಗೆಯ ಕಣಕವೂ ಇದರಲ್ಲಾಗುತ್ತದೆ.

ಮುಚ್ಚಳ ಸರಿಯಾಗಿ ಕೂರದಿದ್ದರೆ ಯಂತ್ರ ಚಾಲೂ ಆಗುವುದಿಲ್ಲ, ಕೆಟ್ಟಿದೆ ಅಂತ ಗಾಬರಿಯಾಗಬೇಡ. ಭಾರ ಜಾಸ್ತಿಯಾಗಿ ಓಡುತ್ತಿರುವಾಗಲೇ ನಿಂತರೆ ಪ್ಲಗ್ ತೆಗೆದು ಬಟ್ಟಲು ಸ್ವಲ್ಪ ಖಾಲಿ ಮಾಡು. ಮೋಟರು ಆರಲಿ. ಅಡಿಯಲ್ಲಿ ಚಿಕ್ಕ ಗುಂಡಿ ಇದ್ದರೆ ಅದನ್ನು ಒತ್ತಿ ಮತ್ತೆ ಶುರು ಮಾಡು.

ಕೆಲಸ ಮುಗಿದ ತಕ್ಷಣ ಬಟ್ಟಲಿಗೆ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಹಾಕಿ ಎರಡು ಸಲ ತಿರುಗಿಸಿದರೆ ಅರ್ಧ ತೊಳೆದಂತೆಯೇ. ಬ್ಲೇಡನ್ನು ಸಿಂಕಿನ ನೊರೆಯೊಳಗೆ ಬಿಡಬೇಡ, ಕಾಣದೆ ಕೈ ಕೊಯ್ಯುತ್ತದೆ. ಡಿಸ್ಕನ್ನು ಬ್ರಷ್ಷಿನಿಂದ ಉಜ್ಜು. ಕ್ಯಾರೆಟ್ಟಿನ ಬಣ್ಣ ಹತ್ತಿದ್ದರೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಒರೆಸಿ ಆಮೇಲೆ ತೊಳೆ, ಹೋಗುತ್ತದೆ.

ಇನ್ನೊಂದು ಮಾತು. ಇದಕ್ಕೆ ಒಲೆಯ ಪಕ್ಕದ ಕಟ್ಟೆಯ ಮೇಲೆ, ಪ್ಲಗ್ಗಿನ ಹತ್ತಿರ ಜಾಗ ಮಾಡು. ಭಾರದ ವಸ್ತು, ದಿನಾ ಇಳಿಸಿ ಹತ್ತಿಸುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಬೇಕಾದರೆ ಆ ಜಾಗದಲ್ಲಿರುವ ಓವನ್ನನ್ನು ಅತ್ತ ಸರಿಸು.

ನಿನ್ನ ಪೆಟ್ಟಿಗೆಯಲ್ಲಿ ಯಾವ ಯಾವ ಡಿಸ್ಕು, ಬ್ಲೇಡು ಬಂದಿವೆಯೋ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಒಂದು ಫೋಟೊ ಕಳಿಸು. ಯಾವುದು ಯಾವುದಕ್ಕೆ ಅಂತ ಫೋನಿನಲ್ಲಿ ಹೇಳುತ್ತೇನೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ