ಹಗುರ ಸ್ಪ್ರಿಂಗ್ ನಮ್ಮ ಮಳೆಯನ್ನೂ ತಾಳಬೇಕು

ಸಂಪಾದಕರೇ,

ಕಾರಿನ ತೂಕ ಇಳಿಸುವ ಮಾತು ಬಂದಾಗಲೆಲ್ಲ ಬ್ಯಾಟರಿ, ಅಲ್ಯೂಮಿನಿಯಂ ಅಂತಲೇ ಚರ್ಚೆ. ಚಕ್ರಕ್ಕೆ ಬೀಳುವ ಏಟನ್ನು ನುಂಗಿಕೊಳ್ಳುವ ಸಸ್ಪೆನ್ಷನ್ ಸ್ಪ್ರಿಂಗ್ ಕಡೆ ಯಾರೂ ನೋಡುವುದಿಲ್ಲ. ಅಲ್ಲಿ ಉಳಿತಾಯಕ್ಕೆ ಜಾಗವಿದೆ. ಕಾಯಿಲ್ ಸ್ಪ್ರಿಂಗ್ 10% ಜಾಸ್ತಿ ಒತ್ತಡ ತಡೆದರೆ, ಅದೇ ಕೆಲಸಕ್ಕೆ ಸುಮಾರು 17% ಕಡಿಮೆ ಉಕ್ಕು ಸಾಕು, ಯಾಕೆಂದರೆ ಸ್ಪ್ರಿಂಗ್ ಹಿಡಿದಿಡುವ ಶಕ್ತಿ ಒತ್ತಡದ ವರ್ಗದ (ಒತ್ತಡ × ಒತ್ತಡ) ಲೆಕ್ಕದಲ್ಲಿ ಏರುತ್ತದೆ.

ಸಿಲಿಕಾನ್, ಕ್ರೋಮಿಯಂ ಬೆರೆಸಿದ ಉಕ್ಕು ಈಗಾಗಲೇ ಬಳಕೆಯಲ್ಲಿದೆ. ಅದಕ್ಕೆ ಸ್ವಲ್ಪ ವೆನೇಡಿಯಂ ಸೇರಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದರೆ 2000 ಮೆಗಾಪ್ಯಾಸ್ಕಲ್ ಆಸುಪಾಸಿನ ಬಲ ಬರುತ್ತದೆ. ಅಂದರೆ ಒಂದು ಚದರ ಮಿಲಿಮೀಟರ್ ಜಾಗದ ಮೇಲೆ ಹೆಚ್ಚುಕಡಿಮೆ 200 ಕಿಲೋ ಭಾರ! ಮನೆ ಕಟ್ಟುವ ಕಂಬಿಗಿಂತ ಮೂರು ಪಟ್ಟಿಗೂ ಜಾಸ್ತಿ.

ಆದರೆ ಬಲ ಏರಿದಷ್ಟೂ ಉಕ್ಕು ಸಣ್ಣ ಗಾಯವನ್ನೂ ಸಹಿಸುವುದಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಮುರಿದ ಸ್ಪ್ರಿಂಗ್ ಒಂದನ್ನು ಎತ್ತಿ ನೋಡಿ. ಬಹಳ ಸಲ ಕೆಳಗಿನ ಸುತ್ತೇ ಮುರಿದಿರುತ್ತದೆ. ಕೆಸರು, ನೀರು ನಿಲ್ಲುವುದು ಅಲ್ಲೇ, ಜಲ್ಲಿ ಚೂರು ಬಡಿದು ಪೇಂಟ್ ಎದ್ದುಹೋಗುವುದೂ ಅಲ್ಲೇ, ಆ ಜಾಗದಲ್ಲಿ ಸಾಸಿವೆಯಷ್ಟು ತುಕ್ಕಿನ ಗುಳಿ ಬಿದ್ದರೂ ಬಿರುಕು ಅಲ್ಲಿಂದ ಹೊರಡುತ್ತದೆ. ತುಕ್ಕು ಹಿಡಿಯುವಾಗ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಇಳಿದು ಅದನ್ನು ಇನ್ನಷ್ಟು ಪೆಡಸು ಮಾಡುತ್ತದೆ. ಉಕ್ಕು ತಯಾರಿಸುವಾಗ ಒಳಗೆ ಉಳಿದ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕಣವೂ ಬಿರುಕು ಹೊರಡಲು ಸಾಕು, ಕಣ್ಣಿಗೆ ಕಾಣದಿದ್ದರೂ. ಸಣ್ಣ ಗುಂಡು ಹೊಡೆದು ಮೈ ಬಿಗಿ ಮಾಡುವ ಶಾಟ್ ಪೀನಿಂಗ್ ಇದೆ ನಿಜ, ಅದೂ ಆಳವಾದ ಗುಳಿಗೆ ಉತ್ತರವಲ್ಲ.

ಹೀಗಿರುವಾಗ ಸುಮ್ನೆ ಬಲದ ಅಂಕಿ ತೋರಿಸಿ ಹಗುರ ಸ್ಪ್ರಿಂಗ್ ಮಾರಿದರೆ ಸಾಲದು. ಮಳೆಗಾಲವಿಡೀ ನೆನೆಯುವ ಮಲೆನಾಡಿನ ರಸ್ತೆ, ಕರಾವಳಿಯ ಉಪ್ಪುಗಾಳಿ, ಊರಿಗೆ ನಾಲ್ಕು ಹಂಪ್, ಇವೆಲ್ಲ ಸೇರಿದಾಗ ಅದು ಎಷ್ಟು ಕಾಲ ಬಾಳುತ್ತದೆ ಅನ್ನುವುದನ್ನೂ ಕಂಪನಿಗಳು ಹೇಳಬೇಕು. ತುಕ್ಕು ಹಿಡಿಸಿ, ಆಮೇಲೆ ಲಕ್ಷಗಟ್ಟಲೆ ಸಲ ಅದುಮಿ ನೋಡುವ ಪರೀಕ್ಷೆಯ ಫಲಿತಾಂಶ ಗ್ರಾಹಕರಿಗೂ ಸಿಗಲಿ.

1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಗೆ ಮಿಶ್ರಲೋಹದ ಉಕ್ಕು ತಯಾರಿಸಿದ ಅನುಭವವಿದೆ. ಅದನ್ನು ಮುಚ್ಚಬೇಕೋ ಉಳಿಸಬೇಕೋ ಎಂದು ವರ್ಷಗಟ್ಟಲೆ ಮಾತಾಡುವ ಬದಲು ಇಂಥ ಕಣಗಳಿಲ್ಲದ ಶುದ್ಧ ಉಕ್ಕಿನ ಕೆಲಸ ಕೊಡಬಹುದಲ್ವಾ? ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಸಮುದ್ರದ ದಡದಲ್ಲೇ ಇದೆ, ಲೋಹಗಳನ್ನು ಓದಿಸುವ ವಿಭಾಗವೂ ಅಲ್ಲಿದೆ. ಭದ್ರಾವತಿಯ ಉಕ್ಕಿನ ಸ್ಪ್ರಿಂಗ್ ಮಾಡಿಸಿ ಒಂದೆರಡು ಮಳೆಗಾಲ ಅಲ್ಲಿ ಪರೀಕ್ಷಿಸಲು ಕೇಂದ್ರ, ರಾಜ್ಯ ಸರ್ಕಾರಗಳು ಹಣ ಕೊಡಲಿ.

— ಓದುಗ, ಶಿವಮೊಗ್ಗ