ಸುಮ್ನೆ ಕೂರೋಕೂ ದುಡ್ಡು ಕೊಡಬೇಕಾ?

ಮಾನ್ಯ ಸಂಪಾದಕರೇ,

‘ನಗರದಲ್ಲಿ ಹೊರಗೆ ಕಾಲಿಟ್ಟರೆ ಖರ್ಚು, ಹಳ್ಳಿಯಲ್ಲಿ ಎಲ್ಲ ಪುಕ್ಕಟೆ’ ಅನ್ನುವುದು ಅರ್ಧ ಮಾತ್ರ ನಿಜ. ನಾನು ಎರಡೂ ಕಡೆ ಬಾಳಿದವಳು. ಹಳ್ಳಿಯಲ್ಲಿ ಬಯಲು, ಹೊಳೆ ದಂಡೆ ಎಲ್ಲ ಉಚಿತ, ಸರಿ. ಆದರೆ ಒಂದು ನಾಟಕ ನೋಡಬೇಕೆಂದರೆ ಟಿಕೆಟ್‌ಗಿಂತ ಬಸ್ ಚಾರ್ಜೇ ಜಾಸ್ತಿ. ಕೊನೇ ಬಸ್ ತಪ್ಪಿದರೆ ಮುಗೀತು.

ನಗರದಲ್ಲಿ ಪಾರ್ಕು, ಗ್ರಂಥಾಲಯ ಎಲ್ಲ ಇವೆ. ತೊಂದರೆ ಬೇರೆ. ನಾನು ಹೋಗುವ ಪಾರ್ಕಿನ ಬೆಂಚಿಗೆ ಈಗ ನಡುನಡುವೆ ಕಬ್ಬಿಣದ ಪಟ್ಟಿ ಹಾಕಿದ್ದಾರೆ, ಯಾರೂ ಮಲಗಬಾರದಂತೆ. ಮಂಡಿನೋವಿನ ನಾನು ಕಾಲು ಚಾಚುವಂತೆಯೂ ಇಲ್ಲ. ದುಡಿಯುವವರಿಗೆ ಬಿಡುವಾಗುವ ಹೊತ್ತಿಗೆ ಗೇಟಿಗೆ ಬೀಗ. ನಾನು ಹೋಗುವ ಗ್ರಂಥಾಲಯಕ್ಕೆ ಭಾನುವಾರವೇ ರಜೆ! ಉಳಿಯುವುದು ಮಾಲ್ ಒಂದೇ. ಅಲ್ಲಿ ಕುರ್ಚಿ ಬೇಕಾದರೆ ಏನಾದರೂ ಕೊಳ್ಳಬೇಕು, ಅಲ್ವಾ?

ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಸಾರ್ವಜನಿಕ ಹಣದಿಂದ ಮಾಡಿದ ಪಾರ್ಕನ್ನು 1847ರಲ್ಲೇ ಜನರಿಗೆ ತೆರೆದಿದ್ದರು. ನಾವು ಹೊಸದೇನೂ ಕಟ್ಟುವುದು ಬೇಡ. ಪಾರ್ಕಿನ ಗೇಟು ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಗ್ರಂಥಾಲಯದ ರಜೆ ಸೋಮವಾರಕ್ಕೆ ಹೋಗಲಿ. ಹಳ್ಳಿಯವರಿಗೆ ನಾಟಕ ಮುಗಿದ ಮೇಲೆ ಹೊರಡುವ ಒಂದು ಬಸ್ ಬಿಡಿ.

– ನಿವೃತ್ತ ಶಿಕ್ಷಕಿ